ಮಾವನ ಎರಡು ದಿನದ ನಿದ್ದೆ

ನಮ್ಮೂರಲ್ಲಿ ಹೊತ್ತು ಮುಳುಗಿದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಕೊಡಲಿ ಸದ್ದು ನಿಲ್ಲುತ್ತದೆ. ಅಳುವ ಮಗುವನ್ನು ತಾಯಿ ಎದೆಗೆ ಹಾಕಿಕೊಳ್ಳುತ್ತಾಳೆ. ನಾಯಿಗಳಿಗೂ ಆ ಹೊತ್ತಿನಲ್ಲಿ ಬೊಗಳಬಾರದೆಂಬ ಬುದ್ಧಿ ಬಂದುಬಿಟ್ಟಿದೆ. ಆಮೇಲೆ ಆಲದ ಮರಗಳ ಆಚೆ, ಗಂಡಸರು ಸೇರುವ ನಕಮಾಲ್ ಬಯಲಿನಿಂದ ಉಗುಳಿದ ಸದ್ದು ಒಂದು, ಅದರ ಬೆನ್ನಿಗೇ ಒಂದು ಕೂಗು. ಕಾವಾ ಬೇರಿನ ರಸವನ್ನು ತೆಂಗಿನ ಚಿಪ್ಪಿನಲ್ಲಿ ಕುಡಿದು, ಪ್ರತಿ ಚಿಪ್ಪಿನ ಕೊನೆಯ ಗುಟುಕನ್ನು ನುಂಗದೆ ಗಾಳಿಗೆ ಉಗಿದು, ಸತ್ತ ಹಿರಿಯರಿಗೆ ಒಂದು ಮಾತು ಕೂಗಿ ಹೇಳುವುದು ಪದ್ಧತಿ. ‘ಗೆಣಸು ದಪ್ಪ ಬರಲಿ.’ ‘ಮಗಳ ಹೆರಿಗೆ ಸುಸೂತ್ರ ಆಗಲಿ.’ ನಾವು ಹೆಂಗಸರು ಒಲೆ ಮುಂದೆ ಕೂತು, ಈ ಕೂಗು ಯಾರದು, ಇವತ್ತು ಯಾರ ಮನೆಯಲ್ಲಿ ಏನು ಕಷ್ಟ ಎಂದು ತಿಳಿದುಕೊಳ್ಳುತ್ತೇವೆ. ಕೂಗೆಲ್ಲ ಮುಗಿದ ಮೇಲೆ ಗಂಡಸರು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತು ಕಾವಾಕ್ಕೆ ಕಿವಿಗೊಡುತ್ತಾರೆ. ಆಗ ಮಾತಾಡುವುದು ಬೆಂಕಿಬೆಟ್ಟ ಒಂದೇ. ಅದು ದೂರದಲ್ಲಿ ಗೊರಗುಟ್ಟುತ್ತ, ನಮ್ಮ ಒಗೆದ ಬಟ್ಟೆಗಳ ಮೇಲೆ ಒಂದಿಷ್ಟು ಬೂದಿ ಉದುರಿಸುತ್ತದೆ.

ನಾನು ರುತಿ, ಈ ಊರಿನ ನರ್ಸು. ಔಷಧಿಮನೆಯ ಬೀಗದ ಕೈ ಹದಿನಾಲ್ಕು ವರ್ಷದಿಂದ ನನ್ನ ಸೊಂಟದಲ್ಲಿದೆ. ಕಾವಾದಲ್ಲಿ ಏನೇನಿದೆ, ಅದು ಮೊದಲು ತುಟಿ ಮರಗಟ್ಟಿಸಿ, ಆಮೇಲೆ ಮಂಡಿ ಸಡಿಲಿಸಿ, ಕೊನೆಗೆ ಮಿದುಳಿನ ಗದ್ದಲವನ್ನು ಹೇಗೆ ತಣ್ಣಗೆ ಮಾಡುತ್ತದೆ ಎಂಬುದನ್ನೆಲ್ಲ ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದು ಪಾಸಾದವಳು. ನಾಲಿಗೆಗೆ ಮಾತ್ರ ಒಂದು ಹನಿ ತಾಗಿಸಿಲ್ಲ. ನಮ್ಮ ದ್ವೀಪದಲ್ಲಿ ಹೆಂಗಸು ಕಾವಾ ಕುಡಿಯುವುದು ಹಾಗಿರಲಿ, ಆ ಹೊತ್ತಿನಲ್ಲಿ ನಕಮಾಲ್ ದಾರಿ ತುಳಿಯುವ ಹಾಗಿಲ್ಲ. ತುಳಿದರೆ ಒಂದು ಹಂದಿ, ಒಂದು ಕಾವಾ ಬೇರು ದಂಡ. ಕಾವಾ ಬೆಳೆಯುವ ಹಕ್ಕೇ ಇಲ್ಲದವಳು ಕಾವಾ ಬೇರು ತಂದು ದಂಡ ಕಟ್ಟಬೇಕಂತೆ! ಅದಕ್ಕೂ ಯಾವನಾದರೂ ಗಂಡಸಿನ ಕಾಲು ಹಿಡಿಯಬೇಕು. ಈ ಕಾನೂನು ಮಾಡಿದವನು ಎಂದೂ ಪಾತ್ರೆ ತೊಳೆದವನಲ್ಲ ಎಂದು ನಾನು ಎಷ್ಟೋ ಸಲ ಗೊಣಗಿದ್ದೇನೆ.

ನನ್ನ ತಾಯಿಯ ಅಣ್ಣ ನಿಕಿಯಾವು, ನನ್ನ ಸೋದರಮಾವ, ನಕಮಾಲ್‌ನಲ್ಲಿ ಮೊದಲ ಚಿಪ್ಪು ಎತ್ತುವ ಹಿರಿಯ. ವಯಸ್ಸು ಎಪ್ಪತ್ತರ ಮೇಲೆ. ಈ ವಯಸ್ಸಿನಲ್ಲಿ ದೀವಿಹಲಸಿನ ಮರ ಹತ್ತಿ ಬಿದ್ದರು. ಮೂಳೆ ಮುರಿದಿರಲಿಲ್ಲ. ಆದರೆ ಬೆನ್ನಿನ ಸ್ನಾಯುಗಳೆಲ್ಲ ಗಂಟುಕಟ್ಟಿ, ಹಗ್ಗದ ಮಂಚದ ಮೇಲೆ ಬಾಗಿದ ಬಿಲ್ಲಾಗಿ ಮಲಗಿದ್ದರು.

“ಮಾವ, ಮರ ಹತ್ತಕ್ಕೆ ಊರಲ್ಲಿ ಬೇರೆ ಗಂಡಸ್ರೇ ಇರ್ಲಿಲ್ವಾ?”

“ಇದ್ರು ಕಣೇ. ಎಲ್ಲಾ ಕೆಳಗ್ ನಿಂತ್ಕೊಂಡು ಯಾವ ಹಣ್ಣು ಕೀಳ್ಬೇಕು ಅಂತ ನಂಗೆ ಹೇಳ್ಕೊಡ್ತಿದ್ರು.”

ನಕ್ಕದ್ದಕ್ಕೆ ಬೆನ್ನು ಹಿಡಿದುಕೊಂಡು ಅಯ್ಯೋ ಎಂದರು. ನಾನು ಹಳದಿ ಬಣ್ಣದ ಹತ್ತು ಡಯಾಜಿಪಾಮ್ ಮಾತ್ರೆ ಎಣಿಸಿ ಅತ್ತೆಯ ಕೈಗೆ ಕೊಟ್ಟೆ. ಸ್ನಾಯುವಿನ ಬಿಗಿ ಸಡಿಲಿಸುವ ಮಾತ್ರೆ, ನಿದ್ದೆಯನ್ನೂ ತರುತ್ತದೆ. “ಹೊತ್ತು ಮುಳುಗೋ ಹೊತ್ತಿಗೆ ಊಟ ಮಾಡಿಸಿ ದಿನಕ್ಕೊಂದು ಕೊಡಿ ಅತ್ತೆ” ಎಂದೆ.

ಕೇಳಬೇಕಾದ ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಕಾವಾ ಕುಡಿಯುತ್ತೀರಾ, ಎಷ್ಟು ಚಿಪ್ಪು? ಇದೇ ಪ್ರಶ್ನೆಯನ್ನು ಬೇರೆ ಊರಿನಿಂದ ಬಂದ ಗಂಡಸರಿಗೆ ಯಾವ ಮುಲಾಜೂ ಇಲ್ಲದೆ ಕೇಳುತ್ತೇನೆ. ಆದರೆ ಸೋದರಸೊಸೆ ಮಾವನ ಕಾವಾ ವಿಷಯ ಎತ್ತುವುದು ನಮ್ಮಲ್ಲಿ ಮಾವನ ಸೊಂಟದ ಬಟ್ಟೆ ಎಳೆದಷ್ಟೇ ಅವಮಾನ. ಹೇಗೂ ಬೆನ್ನು ಹಿಡಿದಿದೆ, ನಕಮಾಲ್‌ವರೆಗೆ ನಡೆಯುವುದು ಸಾಧ್ಯವಿಲ್ಲ, ಅಷ್ಟರಲ್ಲಿ ಮಾತ್ರೆಯೂ ಮುಗಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಎದ್ದು ಬಂದೆ. ಪುಸ್ತಕ ಓದಿದವಳ ಬುದ್ಧಿ ನಾಚಿಕೆಯ ಮುಂದೆ ಮಂಡಿಯೂರಿತು.

ಎಂಟನೆಯ ದಿನ ಮಾವನ ಬೆನ್ನು ನೆಟ್ಟಗಾಯಿತು. ಅವತ್ತೇ ನಕಮಾಲ್‌ನಲ್ಲಿ ರಾಜಿಯಿತ್ತು. ಕಪಲು ಎಂಬವನ ಹಂದಿ ಮಾವನ ಗೆಣಸಿನ ತೋಟಕ್ಕೆ ನುಗ್ಗಿ ಗುಂಡಿ ತೋಡಿ ಹಾಕಿ, ಎರಡು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಕಪಲು ಒಳ್ಳೆಯ ಹುಡುಗ, ಮೂವತ್ತು ದಾಟಿಲ್ಲ. ತೀರಿಕೊಂಡ ಅಪ್ಪ ಬಿಟ್ಟುಹೋದ ಕಾವಾ ತಳಿಯನ್ನು ಕೂಸಿನ ಹಾಗೆ ನೋಡಿಕೊಂಡಿದ್ದ. ಅರವತ್ತು ಗಿಡ, ಐದು ವರ್ಷ ತುಂಬಿದ ಬೇರು. ನಮ್ಮಲ್ಲಿ ಜಗಳ ಮುಗಿಸುವ ರೀತಿ ಹೀಗೆ: ಇವನ ಬೇರನ್ನು ಅವನು ಕುಡಿಯಬೇಕು, ಅವನ ಬೇರನ್ನು ಇವನು. ನಿನ್ನ ಕೈಯಿಂದ ಬಂದದ್ದನ್ನು ನಂಬಿ ನುಂಗಿದೆ ಎಂದು ಅರ್ಥ. ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ.

ಆ ಸಂಜೆ ಒಲೆ ಮುಂದೆ ಕೂತಿದ್ದಾಗ ಮಾವನ ಕೂಗು ಕೇಳಿತು. ಎಂಟು ದಿನ ಕೇಳದ ದನಿ. ನನಗೆ ಖುಷಿಯಾಯಿತು. ಅದೇ ಖುಷಿಯ ಕೊನೆಯಲ್ಲಿ, ಹತ್ತು ಮಾತ್ರೆಯಲ್ಲಿ ಎಷ್ಟು ಉಳಿದಿರಬಹುದೆಂದು ಬೆರಳು ಮಡಿಸತೊಡಗಿದೆ.

ಬೆಳಿಗ್ಗೆ ಅತ್ತೆ ಓಡಿಬಂದರು. “ಏಳ್ತಾ ಇಲ್ಲ ಕಣೇ.”

ಗಂಡಸರು ಅವರನ್ನು ಹೊತ್ತುತಂದು ಮಲಗಿಸಿದ್ದರಂತೆ. ನಾನು ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸಿದೆ. ನಿಧಾನ, ಆದರೆ ಸಮವಾಗಿತ್ತು. ಕಿವಿ ಹಿಂಡಿದರೆ ಹುಬ್ಬು ಗಂಟಿಕ್ಕಿದರು. ಒಂದು ಮಗ್ಗುಲಾಗಿ ಮಲಗಿಸಿ ಪಕ್ಕದಲ್ಲೇ ಕೂತೆ. ಅವತ್ತಿಡೀ ಕೂತಿದ್ದೆ, ಮಾರನೆಯ ದಿನವೂ. ಉಸಿರು ಎಣಿಸಿ ಎಣಿಸಿ ನನ್ನ ತಲೆಯೂ ತೂಗತೊಡಗಿತು. ಹುಲ್ಲಿನ ಗೋಡೆಯ ಸಂದಿಯಿಂದ ಬಿಸಿಲ ಕೋಲು ಬಂದು ಮಾವನ ಪಾದದಿಂದ ಹಣೆಯವರೆಗೆ ಹರಿದು ಹೋಯಿತು. ನಡುನಡುವೆ ಅವರು ಮಾತಾಡುತ್ತಿದ್ದರು, ನನ್ನೊಡನಲ್ಲ. ನಾನು ಹುಟ್ಟುವ ಮೊದಲೇ ಸಮುದ್ರಕ್ಕೆ ಹೋಗಿ ಮರಳದ ತಮ್ಮನೊಡನೆ. “ನೀರು ಬೆಚ್ಚಗದೆ… ಇಳಿ… ನಾನ್ ಹಿಡ್ಕೊಂಡಿದೀನಿ…” ಎನ್ನುತ್ತ ಕೈ ಚಾಚಿದಾಗ ನನ್ನ ಕೈ ಕೊಟ್ಟೆ. ಬಿಗಿಯಾಗಿ ಹಿಡಿದುಕೊಂಡರು. ನಾವಿಬ್ಬರೂ ಯಾವುದೋ ಬೆಚ್ಚನೆಯ ನೀರಿನ ತಳದಲ್ಲಿ ಕೂತಿದ್ದೇವೆ, ಮೇಲೆ ಬೆಂಕಿಬೆಟ್ಟದ ಗುಡುಗು ಯಾರದೋ ಮನೆಯ ಗೊರಕೆ ಎಂದು ನನಗೂ ಅನ್ನಿಸಿತು. ಮಾವ ಮೇಲೆ ಬರದಿದ್ದರೆ ಕೊಂದವಳು ನಾನೇ ಎನ್ನುವುದು ಮಾತ್ರ ಆ ಮಂಪರಿನಲ್ಲೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಮೂರನೆಯ ಬೆಳಿಗ್ಗೆ ಕಣ್ಣು ಬಿಟ್ಟು, “ಹಸಿವು” ಎಂದರು. ನಾನು ಹೊರಗೆ ಹೋಗಿ ಬಾಳೆಯ ಬುಡದಲ್ಲಿ ನಿಂತು ಅತ್ತುಬಿಟ್ಟೆ.

ಅಷ್ಟರಲ್ಲಿ ಊರು ತೀರ್ಮಾನ ಮಾಡಿಯಾಗಿತ್ತು. ಕಾವಾದಲ್ಲಿ ಒಳ್ಳೆಯ ಜಾತಿ, ಕೆಟ್ಟ ಜಾತಿ ಎಂದಿದೆ. ಕೆಟ್ಟದ್ದಕ್ಕೆ ‘ಎರಡು ದಿನದ ಕಾವಾ’ ಎಂದೇ ಹೆಸರು. ಕುಡಿದವನು ಎರಡು ದಿನ ವಾಂತಿ, ತಲೆಭಾರದಲ್ಲಿ ಬಿದ್ದಿರುತ್ತಾನೆ. ಅದನ್ನು ಬೆಳೆದವನ ತೋಟ ಕಿತ್ತುಹಾಕುತ್ತಾರೆ, ಅವನ ಕೈಯಿಂದ ಮತ್ತೆ ಯಾರೂ ಚಿಪ್ಪು ತೆಗೆದುಕೊಳ್ಳುವುದಿಲ್ಲ. ಕಪಲು ಕೊಟ್ಟದ್ದನ್ನು ಕುಡಿದವರು ಮಾವ ಒಬ್ಬರೇ. ಎರಡು ದಿನ ಬಿದ್ದವರೂ ಅವರೊಬ್ಬರೇ. ಇನ್ನೇನು ಬೇಕು? ನಾಳೆ ಬೆಳಿಗ್ಗೆ ಹಾರೆ ಹಿಡಿದು ಹೋಗುವುದೆಂದು ನಕಮಾಲ್‌ನಲ್ಲಿ ಮಾತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ಮಧ್ಯಾಹ್ನ ಕಪಲು ಔಷಧಿಮನೆಯ ಮೆಟ್ಟಿಲ ಮೇಲೆ ಬಂದು ಕೂತ. ಕಾಯಿಲೆ ಏನೂ ಇರಲಿಲ್ಲ.

“ನರ್ಸಮ್ಮ, ಅಪ್ಪ ನಂಗೆ ಸುಳ್ಳು ತಳಿ ಕೊಟ್ ಹೋಗಿರ್ತಾನಾ?”

“ಯಾಕೋ ಹಾಗಂತೀಯ?”

“ಎಲ್ರೂ ಹಾಗೇ ಅಂತವ್ರೆ. ಸಾವಿರ ಸಲ ಅಂದ್ರೆ ನಂಗೂ ಹೌದೇನೋ ಅನ್ಸುತ್ತೆ. ನಿಮ್ ಮಾವನ್ನ ನೋಯಿಸ್ಬೇಕು ಅಂತ ನಂಗೆ ಕನಸಲ್ಲೂ ಇರ್ಲಿಲ್ಲ.” ಅಂಗೈ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ. “ನಾಳೆ ಕೀಳ್ವಾಗ ನಾನ್ ಅಲ್ಲಿರಲ್ಲ. ನೋಡಕ್ಕಾಗಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ಸೊಂಟದ ಬೀಗದ ಕೈ ಮೇಲೆ ಹೋಯಿತು.

ಅವನು ಹೋದ ಮೇಲೆ ಅತ್ತೆಯ ಹತ್ತಿರ ಮಾತ್ರೆಯ ಪೊಟ್ಟಣ ಕೇಳಿ ನೋಡಿದೆ. ಉಳಿದದ್ದು ಎರಡು. ರಾಜಿಯ ಸಂಜೆಯೂ ನಾನು ಹೇಳಿದ ಹೊತ್ತಿಗೇ ಊಟ ಮಾಡಿಸಿ, ಮಾತ್ರೆ ನುಂಗಿಸಿ, ನಕಮಾಲ್‌ಗೆ ಕಳಿಸಿದ್ದರು ಆ ಪುಣ್ಯಾತ್ಗಿತ್ತಿ. ಎಂಟು ಮಾತ್ರೆ. ಹರೆಯದವರ ಮೈಯಲ್ಲಿ ಇದು ಒಂದೆರಡು ದಿನಕ್ಕೆ ಅರ್ಧ ಇಳಿಯುತ್ತದೆ. ಎಪ್ಪತ್ತರ ಮೈಯಲ್ಲಿ ಅರ್ಧ ಇಳಿಯಲು ಮೂರು ದಿನವೋ ಇನ್ನೂ ಹೆಚ್ಚೋ ಬೇಕು. ಸಣ್ಣ ತೂತಿನ ಗಡಿಗೆಗೆ ದಿನಾ ಒಂದು ಚೊಂಬು ಸುರಿದ ಹಾಗೆ. ಇಳಿಯುವುದಕ್ಕಿಂತ ತುಂಬುವುದೇ ಜಾಸ್ತಿ. ಎಂಟನೆಯ ದಿನ ಆ ಗಡಿಗೆ ತುಳುಕುತ್ತಿತ್ತು. ಅದರ ಮೇಲೆ ಕಾವಾ. ಮಾತ್ರೆಯೂ ಕಾವಾವೂ ಮಿದುಳಿನಲ್ಲಿ ‘ಸುಮ್ಮನಿರು’ ಎನ್ನುವ ಅದೇ ರಸಕ್ಕೆ ಬಲ ಕೊಡುತ್ತವೆ. ಸಾಲದ್ದಕ್ಕೆ, ಮಾತ್ರೆಯನ್ನು ಕರಗಿಸಬೇಕಾದ ಯಕೃತ್ತಿನ ಕೈಯನ್ನು ಕಾವಾ ಕಟ್ಟಿಹಾಕುತ್ತದೆ. ಒಂದೊಂದೇ ಆಗಿದ್ದರೆ ಸಾಧು. ಎರಡೂ ಸೇರಿದ್ದಕ್ಕೆ ಮಾವ ಸಮುದ್ರದ ತಳಕ್ಕೆ ಇಳಿದರು.

ಇದೆಲ್ಲ ಪುಸ್ತಕದ ಮಾತು. ಕಪಲುವಿನ ಬೇರು ನಿಜಕ್ಕೂ ಒಳ್ಳೆಯದೋ ಎಂದು ಕೇಳಿದರೆ ನನಗೆ ಗೊತ್ತಿರಲಿಲ್ಲ. ಅದನ್ನು ತಿಳಿಯುವ ನಾಲಿಗೆ ನನಗಿಲ್ಲವಲ್ಲ.

ಮಾವನ ಹತ್ತಿರ ಹೋದೆ. ಲಾಪ್ಲಾಪ್ ತಿನ್ನುತ್ತ ಕೂತಿದ್ದರು, ಮೂರು ದಿನದ್ದನ್ನು ಒಟ್ಟಿಗೆ. ಕೆಸುವಿನ ಗೆಡ್ಡೆ ತುರಿದು ಬಾಳೆಲೆಯಲ್ಲಿ ಸುತ್ತಿ ಕಲ್ಲಿನ ಬಿಸಿಯಲ್ಲಿ ಬೇಯಿಸಿದ್ದು, ಅವರಿಗೆ ಪ್ರಾಣ.

“ಮಾವ, ಅದು ಕಪಲೂನ ಬೇರಲ್ಲ. ನನ್ ಮಾತ್ರೆ.”

ಬಾಯಲ್ಲಿದ್ದದ್ದನ್ನು ನುಂಗಿ ನಕ್ಕರು. “ನಿನ್ ಮಾತ್ರೆ ನನ್ ಕಿರುಬೆರಳ ಉಗುರಷ್ಟಿಲ್ಲ ಕಣೇ. ಐವತ್ತು ವರ್ಷ ಕಾವಾ ಕುಡಿದೋನ್ನ ಅದು ಬೀಳ್ಸುತ್ತಾ?”

“ಎಂಟು ಮಾತ್ರೆ ಮಾವ. ಒಂದರ ಮೇಲೊಂದು…”

“ಹೋಗೇ ಹುಚ್ಚಿ. ಹುಡುಗನ ಮೇಲೆ ಕನಿಕರ ನಿಂಗೆ. ನಂಗೂ ಅದೆ. ನಾನೇನ್ ಅವನ ಮೇಲೆ ಸಿಟ್ಟಾಗಿದೀನಾ? ಚೆನ್ನಾಗೇ ನಿದ್ದೆ ಮಾಡ್ದೆ. ತಮ್ಮನ್ನ ನೋಡ್ದೆ.” ಬಾಳೆಲೆಯನ್ನು ಮಡಿಸಿದರು. “ಆದ್ರೆ ನಕಮಾಲ್‌ನಲ್ಲಿ ಆಡಿದ ಮಾತು ನಕಮಾಲ್‌ದು. ಮನೇಲಿ ಕೂತು ಅಳಿಸಕ್ಕಾಗಲ್ಲ.”

ಅಷ್ಟೇ ಸಾಕಾಯಿತು. ಅಲ್ಲಿ ಆಡಿದ್ದನ್ನು ಅಲ್ಲೇ ಅಳಿಸಬೇಕು. ಬೆಳಗಾದರೆ ಹಾರೆ ಹೊರಡುತ್ತದೆ. ಇರುವುದು ಈ ಒಂದು ಸಂಜೆ.

ಹೊತ್ತು ಇಳಿಯುವಾಗ ನಾನು ನಕಮಾಲ್ ದಾರಿ ಹಿಡಿದೆ. ಹುಟ್ಟಿದ ಊರಿನಲ್ಲಿ ಆ ಹೊತ್ತಿನಲ್ಲಿ ನಾನು ಎಂದೂ ತುಳಿಯದ ದಾರಿ. ಬೂದಿ ಕೂತ ನೆಲ ಮೆತ್ತಗಿತ್ತು, ನನ್ನ ಹೆಜ್ಜೆ ನನಗೇ ಕೇಳಿಸುತ್ತಿರಲಿಲ್ಲ. ಎರಡು ಆಲದ ಮರಗಳ ಬಿಳಲುಗಳ ನಡುವೆ ನಿಂತೆ. ಕೂಗೆಲ್ಲ ಆಗಲೇ ಮುಗಿದಿತ್ತು. ಬಯಲಿನ ತುಂಬ ಗಂಡಸರು, ಎಲ್ಲರ ಬೆನ್ನು, ಮಬ್ಬಿನಲ್ಲಿ ಕಲ್ಲುಗಳ ಹಾಗೆ. ಒಬ್ಬರೂ ತಿರುಗಲಿಲ್ಲ. ಗಾಳಿಯಲ್ಲಿ ಮಣ್ಣಿನ, ಮೆಣಸಿನ ವಾಸನೆ.

“ನಾನು ರುತಿ” ಎಂದೆ. ಆ ಮೌನದಲ್ಲಿ ನನ್ನ ದನಿ ತಗಡು ಬಿದ್ದ ಹಾಗೆ ಕೇಳಿಸಿತು. “ದಾರಿ ತುಳಿದೀನಿ. ದಂಡ ಕಟ್ತೀನಿ. ಹಂದಿ ಮನೇಲದೆ. ಬೇರು ಕಪಲೂನ ತೋಟದಿಂದ ತರ್ತೀನಿ.”

ಒಂದೆರಡು ಬೆನ್ನು ಅಲುಗಿದವು.

“ಮಾವನ್ನ ಮಲಗಿಸಿದ್ದು ನಾನು. ಮಾತ್ರೆ ಕೊಟ್ಟೆ, ಕಾವಾ ಕುಡೀತೀರಾ ಅಂತ ಕೇಳ್ಲಿಲ್ಲ. ನಾಚಿಕೆ ಆಯ್ತು, ಅದಕ್ಕೆ ಕೇಳ್ಲಿಲ್ಲ. ಈಗ ನಾನ್ ತರೋ ದಂಡದ ಬೇರನ್ನ ಮಾವನೇ ಮೊದ್ಲು ಕುಡೀಲಿ, ಆಮೇಲೆ ನೀವೆಲ್ಲಾ. ಆದ್ರೆ ಈಗಲ್ಲ. ಮಾತ್ರೆ ಇನ್ನೂ ಅವರ ರಕ್ತದಲ್ಲದೆ. ಹುಣ್ಣಿಮೆ ಬರ್ಲಿ, ಹದಿನೆಂಟು ದಿನ. ಅಲ್ಲೀವರೆಗೂ ಅವರು ಒಂದ್ ಚಿಪ್ಪೂ ಮುಟ್ಟಬಾರ್ದು, ಕಪಲೂನ ಒಂದ್ ಗಿಡಾನೂ ಯಾರೂ ಮುಟ್ಟಬಾರ್ದು. ಅವತ್ತು ಕುಡಿದು ಮಾರನೇ ಬೆಳಿಗ್ಗೆ ಮಾವ ಏಳ್ಲಿಲ್ಲ ಅಂದ್ರೆ ತೋಟ ಕಿತ್ತಾಕಿ. ಔಷಧಿಮನೆ ಬೀಗದ ಕೈನೂ ನನ್ ಸೊಂಟದಿಂದ ಕಿತ್ಕೊಳ್ಳಿ.”

ಬೆಟ್ಟ ಒಮ್ಮೆ ಗೊರಗುಟ್ಟಿತು. ಎಷ್ಟು ಹೊತ್ತು ನಿಂತಿದ್ದೆನೋ, ಮಾವನ ದನಿ ಕೇಳಿದಾಗ ಅದು ನಿದ್ದೆಯೊಳಗಿಂದ ಬಂದ ಹಾಗಿತ್ತು.

“ಹಂದಿ ದಪ್ಪಗಿರ್ಲಿ” ಎಂದರು. “ಈಗ ಹೋಗು. ಕಾವಾ ಇವರಿಗೆ ಏನೋ ಹೇಳ್ತಿತ್ತು, ನೀನ್ ಬಂದು ಬಾಯ್ ಮುಚ್ಚಿಸ್ದೆ.”

ಆ ಹದಿನೆಂಟು ದಿನ ನಾನು ಚಂದ್ರನನ್ನು ನೋಡಿದಷ್ಟು ನನ್ನ ಮಕ್ಕಳನ್ನೂ ನೋಡಲಿಲ್ಲ. ಗೆರೆಯಷ್ಟಿದ್ದದ್ದು ಕರಗಿ, ಮತ್ತೆ ಹುಟ್ಟಿ ದೋಣಿಯಾಯಿತು, ಕತ್ತರಿಸಿದ ತೆಂಗಿನ ಹೋಳಾಯಿತು. ಅದು ತುಂಬಿದ ಹಾಗೆಲ್ಲ ಮಾವನ ಮೈಯೊಳಗಿನ ಗಡಿಗೆ ಖಾಲಿಯಾಗುತ್ತಿದೆ ಎಂದು ಎಣಿಸಿಕೊಳ್ಳುತ್ತಿದ್ದೆ. ಹೆಂಗಸರು ಕೆರೆಯ ಹತ್ತಿರ ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು. ಬೇರು ಒಳ್ಳೆಯದಲ್ಲದಿದ್ದರೆ? ಕಪಲುವಿನ ಅಪ್ಪನೇ ಮೋಸ ಹೋಗಿದ್ದರೆ? ನನ್ನ ಪುಸ್ತಕಕ್ಕೆ ಇದರ ಉತ್ತರ ಗೊತ್ತಿರಲಿಲ್ಲ.

ಹುಣ್ಣಿಮೆಯ ದಿನ ಕಪಲು ತನ್ನ ತೋಟದ ನಡುವಿನ, ಎಲ್ಲಕ್ಕಿಂತ ಹಳೆಯ ಗಿಡವನ್ನು ಅಗೆದು ತಂದು ನನ್ನ ಮುಂದಿಟ್ಟ. ಹಂದಿಯ ಜೊತೆ ಅದನ್ನು ಒಪ್ಪಿಸಿದೆ.

ಸಂಜೆ ಊರಿನ ಒಂದು ಒಲೆಯ ಮುಂದೂ ಮಾತಿರಲಿಲ್ಲ. ಎಲ್ಲ ಹೆಂಗಸರೂ ಕಿವಿಯಾಗಿ ಕೂತಿದ್ದೆವು. ಉಗುಳಿದ ಸದ್ದು. ಆಮೇಲೆ ಮಾವನ ಕೂಗು, ಬೆಟ್ಟಕ್ಕೂ ಕೇಳುವಷ್ಟು ಜೋರಾಗಿ:

“ಬೆಳಿಗ್ಗೆ ಎಬ್ಬಿಸ್ರಪ್ಪೋ!”

ಅತ್ತೆ ಬಟ್ಟೆಯ ಅಂಚು ಬಾಯಿಗೆ ತುರುಕಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಮತ್ತೆ ಎರಡು ಸಲ ಅದೇ ದನಿ, ಅದೇ ಕೂಗು. ಆಮೇಲೆ ಮೌನ.

ಬೆಳಕು ಹರಿಯುವ ಮೊದಲೇ ಔಷಧಿಮನೆಯ ಮೆಟ್ಟಿಲ ಮೇಲೆ ಬಂದು ಕೂತೆ. ಮಾವನ ಮನೆಗೆ ಹೋಗಿ ನೋಡುವ ಧೈರ್ಯ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕಪಲೂ ಬಂದು ದೂರದ ಕಲ್ಲಿನ ಮೇಲೆ ಕೂತ. ಕೋಳಿ ಕೂಗಿದವು. ಬಿಸಿಲು ದೀವಿಹಲಸಿನ ತುದಿಗೆ ಬಂತು, ಕೊಂಬೆಗೆ ಇಳಿಯಿತು, ಬುಡಕ್ಕೆ ಬಂತು. ಗಂಡಸರು ಒಬ್ಬೊಬ್ಬರೇ ತೋಟಕ್ಕೆ ಹೊರಟರು, ನಮ್ಮನ್ನು ನೋಡದ ಹಾಗೆ. ಎಲ್ಲರೂ ಎದ್ದಿದ್ದಾರೆ. ಮಾವ ಇಲ್ಲ. ನಾನು ಸೊಂಟದ ಬೀಗದ ಕೈ ಬಿಚ್ಚಿ ಮೆಟ್ಟಿಲ ಮೇಲಿಟ್ಟೆ. ಕಪಲು ಅದನ್ನು ನೋಡಿ ತಲೆ ತಗ್ಗಿಸಿದ.

ಆಗ ಅವರು ಬಂದರು. ಮನೆಯ ಕಡೆಯಿಂದಲ್ಲ, ತೋಟದ ಕಡೆಯಿಂದ, ಅಗೆಯುವ ಕೋಲು ಹೆಗಲ ಮೇಲೆ. ಮೊಣಕೈವರೆಗೆ ಕೆಸರು.

“ಎಲ್ಲಿಗ್ ಹೋಗಿದ್ರಿ ಮಾವ?” ಎಂದೆ.

“ನಿನ್ನೆ ಅಗೆದ ಗಿಡದ ಕಾಂಡ ಹಾಗೇ ಬಿದ್ದಿತ್ತು. ಒಣಗಿಸೋದು ಯಾಕೆ ಅಂತ ತಗೊಂಡ್ ಹೋಗಿ ನನ್ ತೋಟದಲ್ಲಿ ನೆಟ್ಟೆ. ಆರು ಕಡೆ.” ಕಪಲುವಿನ ಕಡೆ ತಿರುಗಿದರು. “ನಿನ್ ಹಂದಿ ಅಲ್ಲಿಗೆ ಬಂದ್ರೆ ಈ ಸಲ ಕೊಯ್ಕೊಂಡ್ ತಿಂತೀನಿ, ಹೇಳಿರ್ತೀನಿ.”

ಕಪಲು ಎದ್ದು ನಿಂತ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಮತ್ತೆ ಕಲ್ಲಿನ ಮೇಲೆ ಕುಸಿದ.

ಮಾವ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಬೀಗದ ಕೈಯನ್ನು ಕೆಸರು ಕೈಯಲ್ಲೇ ಎತ್ತಿ ನನ್ನ ಮಡಿಲಿಗೆ ಹಾಕಿದರು. ನಡುಬೆನ್ನನ್ನು ಒತ್ತಿಕೊಳ್ಳುತ್ತ, ದಾರಿಯನ್ನೇ ನೋಡುತ್ತ ಹೇಳಿದರು:

“ಬೆನ್ನು ಇನ್ನೂ ಒಂಚೂರು ಹಿಡ್ಕೊಂಡದೆ. ಏನಾದ್ರೂ ಔಷಧಿ ಕೊಡು. ಕೊಡೋಕ್ ಮುಂಚೆ ಏನ್ ಕೇಳ್ಬೇಕೋ ಕೇಳು.”

ನಾನು ಅವರ ಚೀಟಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕಿವಿ ಬಿಸಿಯಾಯಿತು. ಊರಿನ ದಾರಿಯಲ್ಲಿ ಜನ ಹೋಗುತ್ತಿದ್ದರು.

“ಮಾವ, ನಿನ್ನೆ ಎಷ್ಟು ಚಿಪ್ಪು ಕಾವಾ ಕುಡಿದ್ರಿ?”

“ಮೂರು” ಎಂದರು, ದಾರಿಯವರಿಗೂ ಕೇಳುವ ಹಾಗೆ. “ಮೂರೂ ಕಪಲೂದೇ. ಬರ್ಕೋ.”